ಟಿ.ಸಿ. ಯಾರ ಸೊತ್ತು?

ಕರಾವಳಿಯಲ್ಲಿ ಮಳೆ ಹಿಡಿಯುವುದಕ್ಕೂ ಶಾಲೆ ಕಾಲೇಜುಗಳ ಬಾಗಿಲು ತೆರೆಯುವುದಕ್ಕೂ ಕಾಲ ಒಂದೇ. ಜೂನ್ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಬಸ್ ನಿಲ್ದಾಣಗಳಲ್ಲಿ ಕೊಡೆ ಹಿಡಿದು ನಿಂತ ಹುಡುಗ ಹುಡುಗಿಯರನ್ನು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಬಟ್ಟೆ ಒದ್ದೆಯಾದರೂ ಚಿಂತೆಯಿಲ್ಲ, ಎದೆಗವಚಿಕೊಂಡ ಪ್ಲಾಸ್ಟಿಕ್ ಕವರಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಅದರೊಳಗಿರುವುದು ಅಂಕಪಟ್ಟಿ, ಜಾತಿ ಮತ್ತು ಆದಾಯದ ದೃಢಪತ್ರ, ಅವುಗಳ ನಡುವೆ ಮಡಿಕೆ ಬಿದ್ದ ಒಂದು ಸಣ್ಣ ಹಾಳೆ. ಆ ಹಾಳೆಗೆ ಸರಕಾರಿ ಕನ್ನಡದಲ್ಲಿ ‘ವರ್ಗಾವಣೆ ಪ್ರಮಾಣಪತ್ರ’ ಎಂದು ಹೆಸರು. ಹಳ್ಳಿಯ ಅಜ್ಜಿಯಿಂದ ಹಿಡಿದು ಕಾಲೇಜಿನ ಪ್ರಾಂಶುಪಾಲರವರೆಗೆ ಎಲ್ಲರ ಬಾಯಲ್ಲೂ ಅದು ಟಿ.ಸಿ.

ನೋಡಲು ಸಾಮಾನ್ಯ ಕಾಗದ. ಆದರೆ ಅದು ಕೈಗೆ ಬಾರದಿದ್ದರೆ ಮುಂದಿನ ಕಾಲೇಜಿನ ಬಾಗಿಲು ತೆರೆಯದು. ಪ್ರವೇಶದ ಕೊನೆಯ ದಿನ ದಾಟಿದರೆ ಒಂದು ವರ್ಷವೇ ಹೋಯಿತು. ಅಡಿಕೆ ತೋಟದ ಕೂಲಿಯಲ್ಲೋ ಬೀಡಿ ಕಟ್ಟಿದ ಹಣದಲ್ಲೋ ಮಗಳನ್ನು ಓದಿಸುವ ಮನೆಗೆ ಒಂದು ವರ್ಷ ಎಂದರೆ ಸಣ್ಣ ನಷ್ಟವಲ್ಲ. ಕೆಲವೊಮ್ಮೆ ಆ ಒಂದು ವರ್ಷದಲ್ಲಿ ಓದೇ ನಿಂತು ಹೋಗುತ್ತದೆ.

ಹಾಗಾದರೆ ಈ ಕಾಗದ ಯಾರದು? ಬರೆದು ಮೊಹರು ಒತ್ತಿ ಕೊಡುವ ಸಂಸ್ಥೆಯದೇ, ಹೊತ್ತುಕೊಂಡು ಹೋಗುವ ವಿದ್ಯಾರ್ಥಿಯದೇ? ಈ ಪ್ರಶ್ನೆಗೆ ಉತ್ತರ ಸಿಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಅರಿಯಲು ಪುತ್ತೂರು, ಸುಳ್ಯ, ಕಡಬದಷ್ಟು ಒಳ್ಳೆಯ ಜಾಗ ಬೇರೆ ಇರಲಾರದು. ಏಕೆಂದರೆ ಇಲ್ಲಿ ವಿದ್ಯಾರ್ಥಿಗಳು ಊರು ಬಿಟ್ಟು ಹೋದದ್ದಷ್ಟೇ ಅಲ್ಲ, ವಿಶ್ವವಿದ್ಯಾನಿಲಯಗಳೂ ರಾಜ್ಯದ ಗಡಿಗಳೂ ಮತ್ತೆ ಮತ್ತೆ ಜಾಗ ಬದಲಿಸಿವೆ.

ಮೂರು ಕಾಗದ, ಮೂರು ಕೆಲಸ

ಮೊದಲು ಕಾಗದಗಳ ಪರಿಚಯ. ಸಾಮಾನ್ಯವಾಗಿ ಜನ ಟಿ.ಸಿ. ಎಂಬ ಒಂದೇ ಹೆಸರಿನಲ್ಲಿ ಕರೆಯುವುದು ಮೂರು ಬೇರೆ ಬೇರೆ ಪತ್ರಗಳನ್ನು.

ಒಂದನೆಯದು ನಿಜವಾದ ಟಿ.ಸಿ. ಇದನ್ನು ಕೊಡುವುದು ವಿದ್ಯಾರ್ಥಿ ಕೊನೆಯದಾಗಿ ಓದಿದ ಶಾಲೆ ಅಥವಾ ಕಾಲೇಜು. ಹೆಸರು, ಹುಟ್ಟಿದ ದಿನಾಂಕ, ಸೇರಿದ ಮತ್ತು ಬಿಟ್ಟ ದಿನ, ಓದಿದ ತರಗತಿ, ನಡತೆ, ಶುಲ್ಕ ಬಾಕಿ ಇದೆಯೇ ಇಲ್ಲವೇ ಎಂಬ ವಿವರಗಳು ಇದರಲ್ಲಿ ಇರುತ್ತವೆ. ಎರಡನೆಯದು ‘ಮೈಗ್ರೇಷನ್’ ಅಥವಾ ವಲಸೆ ಪ್ರಮಾಣಪತ್ರ. ಇದನ್ನು ಕೊಡುವುದು ವಿಶ್ವವಿದ್ಯಾನಿಲಯ. ನಮ್ಮಲ್ಲಿ ಓದಿದ ಈ ವಿದ್ಯಾರ್ಥಿ ಬೇರೆ ವಿಶ್ವವಿದ್ಯಾನಿಲಯ ಸೇರಲು ನಮ್ಮ ಆಕ್ಷೇಪವಿಲ್ಲ ಎನ್ನುವುದು ಇದರ ತಿರುಳು. ಮೂರನೆಯದು ಅರ್ಹತಾ ಪ್ರಮಾಣಪತ್ರ. ಇದನ್ನು ಕೊಡುವುದು ಬರಮಾಡಿಕೊಳ್ಳುವ ವಿಶ್ವವಿದ್ಯಾನಿಲಯ. ಈತ ಬೇರೆಡೆ ಉತ್ತೀರ್ಣನಾದ ಪರೀಕ್ಷೆ ನಮ್ಮ ಇಂಥ ಪರೀಕ್ಷೆಗೆ ಸಮ, ಆದ್ದರಿಂದ ಪ್ರವೇಶಕ್ಕೆ ಅರ್ಹ ಎಂದು ಇದು ಹೇಳುತ್ತದೆ.

ಒಂದು ಕಾಗದ ಬಿಡುಗಡೆಯದು, ಇನ್ನೊಂದು ದಾಟುವಿಕೆಯದು, ಮತ್ತೊಂದು ಸ್ವಾಗತದ್ದು. ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ವಿದ್ಯಾರ್ಥಿಯ ಹಕ್ಕಿನ ಎಲ್ಲೆ ಎಲ್ಲಿದೆ ಎಂಬುದೂ ಸ್ಪಷ್ಟವಾಗುತ್ತದೆ. ತನ್ನ ದಾಖಲೆಗಳನ್ನು ಪಡೆದು ಹೊರಡುವುದು ವಿದ್ಯಾರ್ಥಿಯ ಹಕ್ಕು. ಹೊಸ ಜಾಗದಲ್ಲಿ ಸೀಟು ಸಿಗುವುದು ಮಾತ್ರ ಅಲ್ಲಿನ ನಿಯಮಕ್ಕೆ, ಅಲ್ಲಿ ತೆರವಿರುವ ಸ್ಥಾನಗಳಿಗೆ ಬಿಟ್ಟ ವಿಷಯ. ಎರಡನ್ನೂ ಕಲಸಿಕೊಂಡಾಗಲೇ ಅನೇಕ ಜಗಳಗಳು ಹುಟ್ಟುತ್ತವೆ.

ಮದರಾಸಿನ ನೆರಳು

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದಾಗ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಪುತ್ತೂರು ಸೀಮೆಯ ವಿದ್ಯಾಭ್ಯಾಸದ ಕಾನೂನು ಕಟ್ಟಳೆಗಳೆಲ್ಲ ಮದರಾಸಿನವು. 1854ರ ವುಡ್‌ನ ಶಿಕ್ಷಣ ನಿರೂಪದ ಫಲವಾಗಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಮಂಗಳೂರಿನಲ್ಲಿ 1868ರ ಸರಕಾರಿ ಕಾಲೇಜು, 1880ರ ಸಂತ ಅಲೋಶಿಯಸ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯದ ಅಡಿಯಲ್ಲಿ ನಡೆದವು. ಪುತ್ತೂರು, ಸುಳ್ಯದ ಹುಡುಗನಿಗೆ ಕಾಲೇಜು ಎಂದರೆ ಮಂಗಳೂರು, ಇನ್ನೂ ಮುಂದೆ ಓದಬೇಕೆಂದರೆ ಮದರಾಸು.

ಆ ಕಾಲದಲ್ಲಿ ಸರಕಾರ ತಾನೇ ಎಲ್ಲ ಶಾಲೆಗಳನ್ನು ನಡೆಸದೆ, ಮಿಷನ್ನಿನವರೂ ಊರ ಮಹನೀಯರೂ ಕಟ್ಟಿದ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿಯನ್ನು ಬೆಳೆಸಿತು. 1882ರ ಹಂಟರ್ ಆಯೋಗವೂ ಈ ದಾರಿಯನ್ನೇ ಬಲಪಡಿಸಿತು. ಶಾಲೆಗಳು ಹೆಚ್ಚಿದಂತೆ ಅವುಗಳ ನಡುವೆ ಪೈಪೋಟಿಯೂ ಹುಟ್ಟಿತು. ಒಂದು ಶಾಲೆಯಲ್ಲಿ ಫೀಸು ಬಾಕಿ ಇಟ್ಟ ಹುಡುಗ ಮರುದಿನ ಪಕ್ಕದ ಶಾಲೆಯಲ್ಲಿ ಕುಳಿತಿರುತ್ತಿದ್ದ. ಇಲ್ಲಿ ಶಿಕ್ಷೆಗೆ ಗುರಿಯಾದವನನ್ನು ಅಲ್ಲಿ ಆದರದಿಂದ ಸೇರಿಸಿಕೊಳ್ಳುತ್ತಿದ್ದರು. ಕೆಳಗಿನ ತರಗತಿಯಲ್ಲಿ ನಪಾಸಾದವನು ಬೇರೆ ಕಡೆ ಮೇಲಿನ ತರಗತಿಗೆ ಸೇರುವುದೂ ಇತ್ತು. ಇದನ್ನು ತಡೆಯಲು ಶಾಲೆ ಶಾಲೆಗಳ ನಡುವಿನ ನಿಯಮಗಳನ್ನು ಮಾಡಲಾಯಿತು. ಹಿಂದಿನ ಶಾಲೆಯಿಂದ ಬಾಕಿ ಇಲ್ಲ, ನಡತೆ ಸರಿ ಇದೆ, ಇಂಥ ತರಗತಿಗೆ ಯೋಗ್ಯ ಎಂಬ ಪತ್ರ ತಾರದವನನ್ನು ಸೇರಿಸಕೂಡದು ಎನ್ನುವುದು ಇವುಗಳ ಸಾರ.

ಇದೇ ಟಿ.ಸಿ.ಯ ಹುಟ್ಟು. ಗಮನಿಸಬೇಕಾದ ಮಾತೆಂದರೆ, ಅದು ಹುಟ್ಟಿದ್ದು ವಿದ್ಯಾರ್ಥಿಯ ಅನುಕೂಲಕ್ಕೆಂದಲ್ಲ. ಸಂಸ್ಥೆಗಳು ಪರಸ್ಪರ ಒಬ್ಬರ ಫೀಸನ್ನೂ ಶಿಸ್ತನ್ನೂ ಇನ್ನೊಬ್ಬರು ಕಾಯ್ದುಕೊಡಲು ಮಾಡಿಕೊಂಡ ಒಪ್ಪಂದದ ಚೀಟಿ ಅದು. ವಿದ್ಯಾರ್ಥಿ ಅದನ್ನು ಹೊತ್ತು ಹೋಗುವವನು ಮಾತ್ರ.

ಶಿಸ್ತಿನ ಕಲಮಿಗೆ ಬೇಗನೆ ರಾಜಕೀಯವೂ ಬಂದು ಸೇರಿತು. 1905ರಲ್ಲಿ ಬಂಗಾಳದ ವಿಭಜನೆಯ ವಿರುದ್ಧ ಚಳವಳಿ ಎದ್ದಾಗ ಅಲ್ಲಿನ ಸರಕಾರ ‘ಕಾರ್ಲೈಲ್ ಸುತ್ತೋಲೆ’ ಎಂದು ಹೆಸರಾದ ಆದೇಶ ಹೊರಡಿಸಿ, ವಿದ್ಯಾರ್ಥಿಗಳನ್ನು ಚಳವಳಿಯಿಂದ ತಡೆಯದ ಶಾಲೆಗಳ ಅನುದಾನ ನಿಲ್ಲಿಸುವುದಾಗಿ ಬೆದರಿಸಿತು. ಶಾಲೆಯಿಂದ ಹೊರಬಿದ್ದವನಿಗೆ ಬೇರೆ ಶಾಲೆಯೂ ಸಿಗದಂತೆ ಮಾಡುವ ಶಕ್ತಿ ಅಧಿಕಾರಿಗಳ ಕೈಯಲ್ಲಿತ್ತು. ನಡತೆ ಎಂಬ ಒಂದು ಸಾಲಿನಲ್ಲಿ ಎಳೆಯರ ಭವಿಷ್ಯವನ್ನು ಕಟ್ಟಿಹಾಕಬಹುದಿತ್ತು.

1920ರ ಅಸಹಕಾರ ಚಳವಳಿಯ ಕರೆ ಬಂದಾಗ ಆ ಭಯವನ್ನು ಬದಿಗಿಟ್ಟು ಕಾಲೇಜು ಬಿಟ್ಟವರಲ್ಲಿ ಮಂಗಳೂರಿನಲ್ಲಿ ಓದುತ್ತಿದ್ದ ಕೋಟದ ತರುಣನೊಬ್ಬನಿದ್ದ. ಆತ ಶಿವರಾಮ ಕಾರಂತ. ಮುಂದೆ ಅವರು ನಾಲ್ಕು ದಶಕಗಳಷ್ಟು ಕಾಲ ನೆಲೆಸಿ ‘ಬಾಲವನ’ ಕಟ್ಟಿದ್ದು ಪುತ್ತೂರಿನಲ್ಲೇ. ಕಾಲೇಜನ್ನು ಅರ್ಧಕ್ಕೆ ಬಿಟ್ಟವರನ್ನು ಹಲವು ವಿಶ್ವವಿದ್ಯಾನಿಲಯಗಳು ಕರೆದು ಗೌರವ ಡಾಕ್ಟರೇಟ್ ಕೊಟ್ಟವು. ಆದರೆ ಎಲ್ಲರೂ ಕಾರಂತರಾಗುವುದಿಲ್ಲ. ಸಾಮಾನ್ಯ ವಿದ್ಯಾರ್ಥಿಗೆ ಕಾಗದವೇ ಆಧಾರ.

ಆ ಕಾಲದ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಘಟ್ಟ ಹತ್ತಿದರೆ ಕನ್ನಡದ ರಾಜ್ಯ, ಕನ್ನಡದ ನೆಲ. ಆದರೆ ಪುತ್ತೂರಿನ ವಿದ್ಯಾರ್ಥಿಗೆ ಅದು ಬೇರೆ ಸಂಸ್ಥಾನ, ಬೇರೆ ವಿಶ್ವವಿದ್ಯಾನಿಲಯ. ತಮಿಳು ಮಾತನಾಡುವ ದೂರದ ಮದರಾಸು ಕಾಗದದಲ್ಲಿ ಸ್ವಂತದ್ದು, ಹತ್ತಿರದ ಮೈಸೂರು ಪರರದು. ಒಂದು ವಿಶ್ವವಿದ್ಯಾನಿಲಯದ ಪರೀಕ್ಷೆಯನ್ನು ಇನ್ನೊಂದು ಒಪ್ಪಬೇಕೇ ಬೇಡವೇ ಎಂಬ ತೊಡಕು ದೇಶದುದ್ದಕ್ಕೂ ಇದ್ದುದರಿಂದಲೇ 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ಸ್ಥಾಪನೆಯಾಯಿತು. ಇಂದಿನ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಅದರದೇ ಮುಂದುವರಿಕೆ. ಪರಸ್ಪರ ಪದವಿಗಳ ಮಾನ್ಯತೆ ಅದರ ಮುಖ್ಯ ಕೆಲಸಗಳಲ್ಲಿ ಒಂದು.

ಊರು ಕದಲಲಿಲ್ಲ, ವಿಶ್ವವಿದ್ಯಾನಿಲಯ ಕದಲಿತು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರು ರಾಜ್ಯ ಸೇರಿತು. ನಿನ್ನೆಯವರೆಗೆ ಪರರದಾಗಿದ್ದ ಮೈಸೂರು ಸ್ವಂತದ್ದಾಯಿತು, ಮದರಾಸು ಪರರದಾಯಿತು. ಮುಂದೆ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿ ನಡೆದವು. ಒಂದೇ ಮನೆಯ ಅಣ್ಣನ ಪದವಿ ಪತ್ರದಲ್ಲಿ ಮದರಾಸಿನ ಮುದ್ರೆ, ತಮ್ಮನದರಲ್ಲಿ ಮೈಸೂರಿನ ಗಂಡಭೇರುಂಡ ಎಂಬಂಥ ದಿನಗಳವು.

ಆ ಹೊತ್ತಿಗೆ ಪುತ್ತೂರಿಗೇ ಕಾಲೇಜು ಬಂತು. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಮುಂದಾಳುತನದಲ್ಲಿ 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು ಹುಟ್ಟಿತು. ಅಲ್ಲಿಯವರೆಗೆ ಮಂಗಳೂರಿನಲ್ಲಿ ಕೋಣೆ ಮಾಡಿಯೋ ನೆಂಟರ ಮನೆಯಲ್ಲಿ ಉಳಿದೋ ಓದಬೇಕಿದ್ದ ಮಕ್ಕಳು ಮನೆಯಿಂದಲೇ ಕಾಲೇಜಿಗೆ ಹೋಗುವಂತಾಯಿತು. ಹೆಣ್ಣುಮಕ್ಕಳ ಪಾಲಿಗಂತೂ ಇದು ದೊಡ್ಡ ಬದಲಾವಣೆ.

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆದಿತ್ತು. 1980ರ ಸೆಪ್ಟೆಂಬರ್ 10ರಂದು ಅದೇ ಮಂಗಳಗಂಗೋತ್ರಿಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಉದಯವಾಯಿತು. ಅಂದಿನ ಅವಿಭಜಿತ ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಪುತ್ತೂರಿನ ಕಾಲೇಜು ಇದ್ದಲ್ಲೇ ಇತ್ತು, ಬೆಂಚುಗಳೂ ಮೇಷ್ಟ್ರುಗಳೂ ಅವರೇ. ವಿಶ್ವವಿದ್ಯಾನಿಲಯ ಮಾತ್ರ ಬೇರೆ. 1979ರಲ್ಲಿ ಪುತ್ತೂರಿನಲ್ಲಿ ಪದವಿ ಮುಗಿಸಿದವನ ಕೈಯಲ್ಲಿ ಮೈಸೂರಿನ ಪದವಿ. ಒಂದೆರಡು ವರ್ಷ ಬಿಟ್ಟು ಆತ ಕೊಣಾಜೆಯಲ್ಲಿ ಎಂ.ಎ. ಓದಲು ಹೊರಟರೆ, ಬಸ್ಸಿನ ದಾರಿ ಹಳೆಯದೇ ಆದರೂ ಕಾಗದದ ಲೆಕ್ಕದಲ್ಲಿ ಆತ ಬೇರೆ ವಿಶ್ವವಿದ್ಯಾನಿಲಯದಿಂದ ಬಂದವನು.

ಇದೇ ಕಥೆ ನಮ್ಮ ಕಣ್ಣೆದುರಿಗೇ ಮತ್ತೊಮ್ಮೆ ನಡೆದಿದೆ. 2023ರಲ್ಲಿ ಕೊಡಗು ವಿಶ್ವವಿದ್ಯಾನಿಲಯ ಕಾರ್ಯಾರಂಭ ಮಾಡಿದಾಗ ಆ ಜಿಲ್ಲೆಯ ಕಾಲೇಜುಗಳು ಮಂಗಳೂರಿನಿಂದ ಬೇರ್ಪಟ್ಟವು. ಸಂಪಾಜೆ ಹಳ್ಳದ ಆಚೀಚೆ ಇರುವ ಊರುಗಳಿಗೆ ಸುಳ್ಯವೇ ಪೇಟೆ, ಸುಳ್ಯವೇ ಶಾಲೆ, ಆಸ್ಪತ್ರೆ. ಆದರೆ ಕೊಡಗಿನ ಕಾಲೇಜಿನಲ್ಲಿ ಹೊಸದಾಗಿ ಸೇರಿ ಪದವಿ ಪಡೆದವರು ಘಟ್ಟ ಇಳಿದು ಮುಂದಿನ ಓದಿಗೆ ಬಂದರೆ ಈಗ ಅವರು ಬೇರೆ ವಿಶ್ವವಿದ್ಯಾನಿಲಯದವರು. 2025ರ ಫೆಬ್ರವರಿಯಲ್ಲಿ ರಾಜ್ಯದ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಸರಕಾರಗಳು ವಿಶ್ವವಿದ್ಯಾನಿಲಯ ತೆರೆಯಬಹುದು, ಮುಚ್ಚಬಹುದು. ಪ್ರತಿ ಸಲವೂ ಕಾಗದ ಹಿಡಿದು ಓಡಾಡುವ ಕೆಲಸ ವಿದ್ಯಾರ್ಥಿಯ ಪಾಲಿಗೆ.

ಕಡಬವಂತೂ ಕಂದಾಯ ನಕ್ಷೆಯಲ್ಲೇ ಹೊಸ ಹೆಸರು. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ತೆಗೆದು ರಚಿಸಿದ ತಾಲೂಕು ಅದು. ಸುಬ್ರಹ್ಮಣ್ಯದ ತಂದೆಯ ಹಳೆಯ ಟಿ.ಸಿ.ಯಲ್ಲಿ ‘ಸುಳ್ಯ ತಾಲೂಕು’ ಎಂದಿದ್ದರೆ ಮಗಳ ದಾಖಲೆಯಲ್ಲಿ ‘ಕಡಬ ತಾಲೂಕು’. ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿದವರು.

ಗಡಿಯಾಚೆಯ ಮಕ್ಕಳು

1956ರ ನವೆಂಬರ್ 1 ಇಲ್ಲಿಯವರಿಗೆ ಕೊಟ್ಟದ್ದೆಷ್ಟೋ ಕಿತ್ತುಕೊಂಡದ್ದೂ ಅಷ್ಟೇ. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಗಡಿ ಕದಲಲಿಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು ಕಡೆಯ ಕನ್ನಡ, ತುಳು ಮನೆಗಳಿಗೆ ಪುತ್ತೂರು, ಸುಳ್ಯ ಎಂದಿನಂತೆ ಹತ್ತಿರದ ಪೇಟೆಗಳಾಗಿಯೇ ಉಳಿದವು. ಮದುವೆ ಸಂಬಂಧ, ಜಾತ್ರೆ, ಅಡಿಕೆ ವ್ಯಾಪಾರ ಯಾವುದಕ್ಕೂ ಗಡಿ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಓದಿಗೆ.

ಕಾಸರಗೋಡಿನ ಸರಕಾರಿ ಕಾಲೇಜು 1957ರಲ್ಲಿ ಆರಂಭವಾಯಿತು. ಅಲ್ಲಿನ ಕಾಲೇಜು ವಿದ್ಯಾರ್ಥಿಗಳ ವಿಶ್ವವಿದ್ಯಾನಿಲಯ ಮೊದಲು ಕೇರಳ, 1968ರಿಂದ ಕಲ್ಲಿಕೋಟೆ, 1996ರಿಂದ ಕಣ್ಣೂರು. ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳ ಓದಿನಲ್ಲೂ ವ್ಯತ್ಯಾಸವಿತ್ತು. ಕರ್ನಾಟಕದಲ್ಲಿ ಪಿ.ಯು.ಸಿ. ಪ್ರತ್ಯೇಕ ಮಂಡಳಿಯ ಕೈಗೆ ಬಂದಿದ್ದರೆ, ಕೇರಳದಲ್ಲಿ ಪ್ರಿ-ಡಿಗ್ರಿ ಶತಮಾನದ ಕೊನೆಯವರೆಗೂ ವಿಶ್ವವಿದ್ಯಾನಿಲಯಗಳ ಅಡಿಯಲ್ಲೇ ಇತ್ತು. ಆದ್ದರಿಂದ ಪುತ್ತೂರಿನ ಹುಡುಗಿ ಟಿ.ಸಿ. ಮತ್ತು ಅಂಕಪಟ್ಟಿ ಹಿಡಿದು ಪದವಿ ತರಗತಿಗೆ ಸೇರುವಾಗ, ಬದಿಯಡ್ಕದ ಆಕೆಯ ನೆಂಟರ ಹುಡುಗಿ ಅದೇ ಬೆಂಚಿನಲ್ಲಿ ಕೂರಲು ಕಲ್ಲಿಕೋಟೆಯಿಂದ ಮೈಗ್ರೇಷನ್ ತರಿಸಬೇಕು, ಕೊಣಾಜೆಯಿಂದ ಅರ್ಹತಾ ಪತ್ರ ಪಡೆಯಬೇಕು. ಅರ್ಜಿ, ಚಲನ್, ಅಂಚೆ, ಕಾಯುವಿಕೆ. ಕಲ್ಲಿಕೋಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸವಾಗಿರಲಿಲ್ಲ.

ಗಡಿನಾಡಿನ ಮಕ್ಕಳ ಕಷ್ಟ ಸರಕಾರಕ್ಕೆ ತಿಳಿಯದ್ದೇನಲ್ಲ. ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕರ್ನಾಟಕ ‘ಗಡಿನಾಡ ಕನ್ನಡಿಗ’ ಎಂಬ ವರ್ಗವನ್ನೇ ಇಟ್ಟಿದೆ. ಕಾಸರಗೋಡು ಪ್ರದೇಶದಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರು ಇದರಡಿ ಅರ್ಜಿ ಹಾಕಬಹುದು. ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ತಾನು ಕನ್ನಡದವನೆಂದು ಸಾಬೀತುಪಡಿಸಲು ಬೇಕಾಗುವುದು ಮತ್ತೆ ವ್ಯಾಸಂಗ ಪ್ರಮಾಣಪತ್ರ, ಟಿ.ಸಿ.ಗಳೇ.

2024-25ರಲ್ಲಿ ಗಡಿಯ ತೊಡಕು ಹೊಸ ರೂಪ ತಾಳಿತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿ ತಂದಿದ್ದ ಕರ್ನಾಟಕ, ಆ ವರ್ಷದಿಂದ ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ಅದೇ ವರ್ಷ ಕೇರಳ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. ನಡುವೆ ಊರು ಬದಲಿಸುವ ವಿದ್ಯಾರ್ಥಿಯ ಯಾವ ಪತ್ರಿಕೆಗೆ ಯಾವುದು ಸಮ ಎಂಬುದನ್ನು ಯಾರು ತೂಗಬೇಕು? ಕೊಡಗಿನ ಬೆಟ್ಟದಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ಮೂರು ವಿಶ್ವವಿದ್ಯಾನಿಲಯಗಳ ವ್ಯಾಪ್ತಿಯನ್ನು ಅದು ಯಾರನ್ನೂ ಕೇಳದೆ ದಾಟುತ್ತದೆ. ಅದರ ದಂಡೆಯ ಮಕ್ಕಳಿಗೆ ಆ ಭಾಗ್ಯವಿಲ್ಲ.

ಗಡಿಯ ಮಾತೇಕೆ, ಒಂದೇ ಊರಿನೊಳಗೂ ಈಗ ಇದೇ ಸ್ಥಿತಿ. ಸುಳ್ಯದಲ್ಲಿ 1986ರಲ್ಲಿ ಆರಂಭವಾದ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು 1998ರಲ್ಲಿ ಹುಟ್ಟಿದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅಲ್ಲಿನ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಕಲೆ, ವಾಣಿಜ್ಯ, ವಿಜ್ಞಾನ ಕಾಲೇಜಿಗೆ ಮಂಗಳೂರು. ಪುತ್ತೂರಿನಲ್ಲಿ ಬಿ.ಕಾಂ. ಮುಗಿಸಿದವಳು ಅದೇ ಪೇಟೆಯಲ್ಲಿ ಕಾನೂನು ಓದಲು ಸೇರಿದರೆ ಆಕೆಯ ವಿಶ್ವವಿದ್ಯಾನಿಲಯ 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾನಿಲಯ. ಊರಿನ ಎಲ್ಲೆ ದಾಟದ ಆಕೆ ಕಾಗದದಲ್ಲಿ ಹುಬ್ಬಳ್ಳಿಗೆ ಹೋದಂತೆ.

ಒತ್ತೆಯಾದ ಪ್ರಮಾಣಪತ್ರ

ವೃತ್ತಿಶಿಕ್ಷಣದ ಕಾಲೇಜುಗಳು ಹೆಚ್ಚಿದಂತೆ ಟಿ.ಸಿ.ಗೆ ಹೊಸ ಬೆಲೆ ಬಂತು. ದುಬಾರಿ ಶುಲ್ಕದ ಸೀಟೊಂದನ್ನು ವಿದ್ಯಾರ್ಥಿ ನಡುವೆಯೇ ಬಿಟ್ಟು ಹೋದರೆ ಉಳಿದ ವರ್ಷಗಳ ಶುಲ್ಕ ಸಂಸ್ಥೆಗೆ ನಷ್ಟ. ಇದನ್ನು ತಡೆಯಲು ಪ್ರವೇಶದ ಸಮಯದಲ್ಲೇ ಮೂಲ ಅಂಕಪಟ್ಟಿ, ಟಿ.ಸಿ. ಎಲ್ಲವನ್ನೂ ಪಡೆದು ಕಪಾಟಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ದೇಶದಾದ್ಯಂತ ಬೆಳೆಯಿತು. ಬಿಡಬೇಕೆಂದವರಿಗೆ ಪೂರ್ತಿ ಕೋರ್ಸಿನ ಶುಲ್ಕ ಕಟ್ಟಿ ಕಾಗದ ಒಯ್ಯಿರಿ ಎಂಬ ಉತ್ತರ. ಹಿಂದೆ ಒಪ್ಪಂದದ ಚೀಟಿಯಾಗಿದ್ದ ಕಾಗದ ಈಗ ಒತ್ತೆಯ ಒಡವೆಯಾಯಿತು.

ಸಂಸ್ಥೆಗಳ ವಾದದಲ್ಲಿ ಸತ್ಯವೇ ಇಲ್ಲ ಎನ್ನಲಾಗದು. ತೆರವಾದ ಸೀಟು ಮತ್ತೆ ತುಂಬುವುದಿಲ್ಲ, ಆದರೆ ಉಪನ್ಯಾಸಕರ ಸಂಬಳ ನಿಲ್ಲುವುದಿಲ್ಲ. ಈ ವಾದವನ್ನು ಸುಪ್ರೀಂ ಕೋರ್ಟು 2003ರಲ್ಲಿ ಪರಿಶೀಲಿಸಿತು. ಮಂಗಳೂರಿನ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ಅದು ಒಂದು ಸಮತೋಲನ ಸೂಚಿಸಿತು. ಪೂರ್ತಿ ಕೋರ್ಸಿನ ಶುಲ್ಕವನ್ನು ಮುಂಗಡ ಪಡೆಯಕೂಡದು, ಒಂದು ವರ್ಷದ್ದೋ ಒಂದು ಸೆಮಿಸ್ಟರಿನದೋ ಮಾತ್ರ ಪಡೆಯಬೇಕು. ವಿದ್ಯಾರ್ಥಿ ನಡುವೆ ಬಿಟ್ಟು ಹೋಗಬಹುದೆಂಬ ಅಂಜಿಕೆಯಿದ್ದರೆ ಬಾಂಡ್ ಅಥವಾ ಬ್ಯಾಂಕ್ ಖಾತರಿ ಕೇಳಬಹುದು. ಹಣದ ಭಯಕ್ಕೆ ಹಣಕಾಸಿನ ಭದ್ರತೆಯೇ ಪರಿಹಾರ ಎನ್ನುವುದು ಇದರ ಅರ್ಥ.

2007ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., ಸಾರ್ವಜನಿಕ ಪ್ರಕಟಣೆ ಹೊರಡಿಸಿ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡು ವಿದ್ಯಾರ್ಥಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ಖಂಡಿಸಿತು. 2018ರ ಅಕ್ಟೋಬರಿನ ಅಧಿಸೂಚನೆ ಇನ್ನೂ ಖಚಿತ. ಅರ್ಜಿಯೊಂದಿಗೆ ಮೂಲ ಪತ್ರ ಕೇಳಬಾರದು. ಪ್ರವೇಶದ ದಿನ ವಿದ್ಯಾರ್ಥಿಯ ಎದುರಿನಲ್ಲೇ ಮೂಲ ಪತ್ರಗಳನ್ನು ಪರಿಶೀಲಿಸಿ ತಕ್ಷಣ ಹಿಂದಿರುಗಿಸಬೇಕು. ಸ್ವಯಂ ದೃಢೀಕರಿಸಿದ ಪ್ರತಿಗಳನ್ನಷ್ಟೇ ಸಂಸ್ಥೆ ಇಟ್ಟುಕೊಳ್ಳಬಹುದು.

ಬಿಟ್ಟು ಹೋಗುವವರಿಗೆ ಶುಲ್ಕ ವಾಪಸಿನ ಲೆಕ್ಕವೂ ಅದರಲ್ಲಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಅಲ್ಪ ಸಂಸ್ಕರಣ ವೆಚ್ಚ ಕಳೆದು ಪೂರ್ತಿ ಶುಲ್ಕ. ಅನಂತರ, ಆದರೆ ಕೊನೆಯ ದಿನದೊಳಗೆ ಬಿಟ್ಟರೆ ಶೇಕಡಾ 90. ಕೊನೆಯ ದಿನ ಕಳೆದು 15 ದಿನಗಳೊಳಗೆ ಶೇಕಡಾ 80, 30 ದಿನಗಳೊಳಗೆ ಶೇಕಡಾ 50. ಆಮೇಲೆ ಏನೂ ಇಲ್ಲ. ಈ ನಿಯಮ ಸಂಯೋಜಿತ ಕಾಲೇಜುಗಳಿಗೂ ಅನ್ವಯಿಸುತ್ತದೆ.

ಶಾಲೆಗಳ ವಿಷಯದಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ 5ನೇ ಕಲಮು ವರ್ಗಾವಣೆಯನ್ನು ಮಗುವಿನ ಹಕ್ಕು ಎಂದೇ ಕರೆಯುತ್ತದೆ. ಮುಖ್ಯೋಪಾಧ್ಯಾಯರು ತಕ್ಷಣ ಟಿ.ಸಿ. ಕೊಡಬೇಕು, ತಡಮಾಡಿದರೆ ಶಿಸ್ತು ಕ್ರಮ. ಎಲ್ಲಕ್ಕಿಂತ ಮುಖ್ಯವಾಗಿ, ಟಿ.ಸಿ. ಬರಲು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಈ ರಕ್ಷಣೆ ಎಂಟನೆಯ ತರಗತಿಯವರೆಗೆ ಮಾತ್ರ. ಆದರೂ ಟಿ.ಸಿ. ಇಲ್ಲದೆ ಬಾಗಿಲೇ ಇಲ್ಲ ಎಂಬ ಹಳೆಯ ನಂಬಿಕೆಯನ್ನು ಅದು ಮುರಿಯಿತು.

2024ರ ಜುಲೈಯಲ್ಲಿ ಚರಿತ್ರೆ ಒಂದು ಸುತ್ತು ತಿರುಗಿ ಬಂತು. ಟಿ.ಸಿ. ಎಂಬುದು ಶಾಲೆಗಳು ಬಾಕಿ ಶುಲ್ಕ ವಸೂಲಿ ಮಾಡುವ ಸಾಧನವಲ್ಲ, ಅದರಲ್ಲಿ ಶುಲ್ಕ ಬಾಕಿಯ ನಮೂದು ಇರಕೂಡದು, ನಿಯಮಗಳನ್ನು ತಿದ್ದಬೇಕು ಎಂದು ಹೈಕೋರ್ಟೊಂದು ತಮಿಳುನಾಡು ಸರಕಾರಕ್ಕೆ ಆದೇಶಿಸಿತು. ಆ ನ್ಯಾಯಾಲಯ ಮದ್ರಾಸ್ ಹೈಕೋರ್ಟು! ಫೀಸು, ನಡತೆ, ಶಿಸ್ತಿನ ಕಲಮುಗಳನ್ನು ಟಿ.ಸಿ.ಯಲ್ಲಿ ಬರೆಸಿ ನಮ್ಮ ಜಿಲ್ಲೆಗೂ ಕಳುಹಿಸಿದ್ದ ಅದೇ ಮದರಾಸು ಪಟ್ಟಣದಿಂದ ಈ ಮಾತು ಬಂತು. ಬಾಕಿ ಶುಲ್ಕ ಮನ್ನಾ ಆಯಿತೆಂದು ಇದರ ಅರ್ಥವಲ್ಲ. ಸಂಸ್ಥೆ ಅದನ್ನು ಪಾಲಕರಿಂದ ಕಾನೂನಿನ ದಾರಿಯಲ್ಲಿ ವಸೂಲು ಮಾಡಬಹುದು. ಮಗುವಿನ ಕಾಗದವನ್ನು ಅಡವಿಡುವಂತಿಲ್ಲ, ಅಷ್ಟೆ.

ಕಾಗದ ಹೋಗಿ ಅಂಕಿ ಬಂದಾಗ

ಕಾನೂನು ಇದ್ದರೂ ದೂರುವುದು ಯಾರಲ್ಲಿ? 2023ರ ಏಪ್ರಿಲಿನಲ್ಲಿ ಹೊರಬಂದ ಯು.ಜಿ.ಸಿ.ಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ಇದಕ್ಕೆ ದಾರಿ ತೋರಿಸುತ್ತದೆ. ಪ್ರವೇಶದ ಸಮಯದಲ್ಲಿ ಕೊಟ್ಟ ದಾಖಲೆಗಳನ್ನು ಹಿಂದಿರುಗಿಸಲು ನಿರಾಕರಿಸುವುದು ಕುಂದುಕೊರತೆಯ ವ್ಯಾಖ್ಯೆಯೊಳಗೇ ಸೇರಿದೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಹೆಸರು ನಾಲಿಗೆಗೆ ಕಷ್ಟವಾದರೂ ಆ ಹುದ್ದೆ ಇರುವುದು ವಿದ್ಯಾರ್ಥಿಗಾಗಿ. ದೂರು ಬಾಯಿಮಾತಿನಲ್ಲಿ ಮುಗಿಯಬಾರದು. ಅರ್ಜಿಯನ್ನು ಬರೆದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳುವುದು ಎಲ್ಲ ಹಕ್ಕುಗಳ ಮೊದಲ ಮೆಟ್ಟಿಲು.

ಇತ್ತ ಕಾಗದವೇ ಕಣ್ಮರೆಯಾಗುವ ಕಾಲವೂ ಬರುತ್ತಿದೆ. ಅಂಕಪಟ್ಟಿ, ಪದವಿ ಪತ್ರಗಳು ಡಿಜಿಲಾಕರಿನಲ್ಲಿ ಸಿಗುತ್ತವೆ. 2021ರಲ್ಲಿ ಯು.ಜಿ.ಸಿ. ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮ ತಂದಿತು. ಒಂದೆಡೆ ಗಳಿಸಿದ ಕ್ರೆಡಿಟ್‌ಗಳನ್ನು ಬ್ಯಾಂಕಿನ ಠೇವಣಿಯಂತೆ ಗರಿಷ್ಠ 7 ವರ್ಷ ಇಟ್ಟು ಬೇರೆಡೆ ಬಳಸಬಹುದು ಎನ್ನುವುದು ಅದರ ಕಲ್ಪನೆ. ಕರ್ನಾಟಕದ ಪದವಿ ಕಾಲೇಜುಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ಒಂದೇ ಗಣಕ ವ್ಯವಸ್ಥೆಗೆ ಬಂದವು. ಶಾಲಾ ಮಕ್ಕಳ ವಿವರಗಳು ‘ಸ್ಯಾಟ್ಸ್’ನಲ್ಲಿವೆ.

ಇದರಿಂದ ಅನುಕೂಲವಾಗಿದೆ. ಮಳೆಗೆ ಒದ್ದೆಯಾಗುವ, ಗೆದ್ದಲು ತಿನ್ನುವ ಭಯವಿಲ್ಲ. ಆದರೆ ಬೀಗ ಬೇರೆಯಾದ ಮಾತ್ರಕ್ಕೆ ಬೀಗದ ಕೈ ವಿದ್ಯಾರ್ಥಿಗೆ ಸಿಕ್ಕಿತೆಂದು ತಿಳಿಯಬಾರದು. ಹಳೆಯ ಶಾಲೆ ಗಣಕದಲ್ಲಿ ಹೆಸರನ್ನು ಬಿಟ್ಟುಕೊಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಅದು ಏರುವುದಿಲ್ಲ. ಕೇರಳದ ಗಣಕ ವ್ಯವಸ್ಥೆ ಬೇರೆ, ಕರ್ನಾಟಕದ್ದು ಬೇರೆ. ಹೆಸರಿನ ಒಂದು ಅಕ್ಷರ, ಹುಟ್ಟಿದ ದಿನಾಂಕದ ಒಂದು ಅಂಕಿ ತಪ್ಪಿದ್ದರೆ ತಿದ್ದಿಸಲು ಮತ್ತೆ ಅಲೆದಾಟವೇ. ಟಿ.ಸಿ.ಯನ್ನು ತಡೆಹಿಡಿದರೆ ಕೇಳಲು ನಿಯಮವಿದೆ. ಗಣಕದ ಒಂದು ಗುಂಡಿ ಒತ್ತದೆ ಕುಳಿತರೆ ಅದೂ ತಡೆಹಿಡಿದಂತೆಯೇ ಎಂಬುದನ್ನು ಆಡಳಿತ ಒಪ್ಪಿಕೊಳ್ಳಬೇಕು.

ಮದರಾಸಿನ ಅಧಿಕಾರಿಗಳು ಶಾಲೆಗಳ ಕಾವಲಿಗೆಂದು ಮಾಡಿದ ಕಾಗದ ನಿಧಾನವಾಗಿ ಕೈ ಬದಲಿಸಿ ವಿದ್ಯಾರ್ಥಿಯ ಸೊತ್ತಾಗಿದೆ. ಕಾನೂನಿನ ಪುಸ್ತಕದಲ್ಲಿ ಆ ಮಾತು ಸ್ಪಷ್ಟವಾಗಿಯೇ ಇದೆ. ಅದು ಕಡಬದ ಬಸ್ಸು ಇಳಿದು ಕಾಲೇಜಿನ ಕಚೇರಿಯ ಕಿಟಕಿಯ ಎದುರು ಅಂಜುತ್ತಾ ನಿಲ್ಲುವ ಹುಡುಗಿಗೂ, ಕಿಟಕಿಯ ಆಚೆ ಕುಳಿತ ಗುಮಾಸ್ತರಿಗೂ ತಿಳಿದಿರಬೇಕಾದದ್ದು ಅವಶ್ಯ. ಪ್ರವೇಶದ ಕೊನೆಯ ದಿನ ಯಾರಿಗಾಗಿಯೂ ಕಾಯುವುದಿಲ್ಲ.